ಉತ್ತರನ ಪೌರುಷ ಒಲೆಯ ಮುಂದೆ

"ಇವರು ಬಟ್ಟೆ ಎಲ್ಲಿ ಒಣಗಿಸುತ್ತಾರೆ?" ಎಂದು ಅಮ್ಮ ಕೇಳಿದಳು. ಮಾರ್ಚ್ ತಿಂಗಳ ಒಂದು ಭಾನುವಾರ, ಬೆಂಗಳೂರಿನ ವಿಜಯನಗರದ ನಮ್ಮ ಮನೆಯಲ್ಲಿ ಟಿವಿಗೆ ಮೊಬೈಲ್ ಜೋಡಿಸಿಕೊಂಡು, ಫೆಬ್ರುವರಿಯಲ್ಲಿ ನಾನೂ ಹೆಂಡತಿಯೂ ಹೋಗಿಬಂದ ನಾರ್ವೆಯ ಟ್ರೊಮ್ಸೊ ಊರಿನ ಫೋಟೊಗಳನ್ನು ತೋರಿಸುತ್ತಿದ್ದೆ. ಒಟ್ಟು ಆರುನೂರಕ್ಕೂ ಹೆಚ್ಚು ಇದ್ದವು. ಅಮ್ಮನ ತಾಳ್ಮೆಯನ್ನು ಅಂದಾಜು ಮಾಡಿ ಎಂಬತ್ತಕ್ಕೆ ಇಳಿಸಿದ್ದೆ. ಅಮ್ಮ ಮೊರದಲ್ಲಿ ಬೆಳ್ಳುಳ್ಳಿ ಹರಡಿಕೊಂಡು ಸುಲಿಯುತ್ತಾ ಅರ್ಧ ಕಣ್ಣಿನಲ್ಲಿ ನೋಡುತ್ತಿದ್ದಳು. ಧ್ರುವದ ಕಡೆ ರಾತ್ರಿ ಆಕಾಶದಲ್ಲಿ ಏಳುವ ಬೆಳಕು, ಧ್ರುವಪ್ರಭೆಯ ಹಸಿರು ಆಕಾಶ ಬಂದಾಗ "ಚೆನ್ನಾಗಿದೆ, ದಸರಾ ದೀಪದ ಹಾಗಿದೆ" ಎಂದಳು. ಬೆಟ್ಟಗಳ ನಡುವಿನ ನೀರು ಬಂದಾಗ "ಯಾವ ಕೆರೆ?" ಎಂದಳು. ಕೆರೆಯಲ್ಲ, ಸಮುದ್ರ ಎಂದೆ. "ಇಷ್ಟು ಸುಮ್ಮನಿದೆಯಲ್ಲ" ಎಂದಳು. ಆಮೇಲೆ ಹಳದಿ, ಕೆಂಪು ಬಣ್ಣದ ಮರದ ಮನೆಗಳ ಸಾಲೊಂದು ಬಂತು. ಮಾಡಿನ ಮೇಲೆಲ್ಲ ಹಿಮ, ಕಿಟಕಿಯಲ್ಲಿ ದೀಪ. ನನ್ನ ಲೆಕ್ಕದಲ್ಲಿ ಅದು ಇಡೀ ಪ್ರವಾಸದ ಅತ್ಯುತ್ತಮ ಚಿತ್ರ. ಅಮ್ಮ ಬೆಳ್ಳುಳ್ಳಿ ಬಿಟ್ಟು ಮುಂದಕ್ಕೆ ಬಾಗಿ, ಮನೆಯ ಮುಂದು, ಹಿಂದು, ಜಗಲಿಯ ಕಂಬಗಳನ್ನೆಲ್ಲ ಹುಡುಕಿ, "ಎಲ್ಲೂ ಹಗ್ಗವೇ ಕಾಣುವುದಿಲ್ಲ" ಎಂದಳು. ಆಗ ಬಂದದ್ದು ಆ ಪ್ರಶ್ನೆ.

ನನಗೆ ಗೊತ್ತಿರಲಿಲ್ಲ. ಐದು ರಾತ್ರಿ ಅಲ್ಲಿದ್ದೆ. ಇಬ್ಬರಿಗೂ ಸೇರಿ 5 ಲಕ್ಷಕ್ಕಿಂತ ಹೆಚ್ಚು ಖರ್ಚು ಮಾಡಿದ್ದೆ. ಸೌರಮಾರುತ ಭೂಮಿಯ ಕಾಂತಕ್ಷೇತ್ರದಲ್ಲಿ ಎಬ್ಬಿಸುವ ಕಲಕಾಟವನ್ನು ಸೊನ್ನೆಯಿಂದ ಒಂಬತ್ತರವರೆಗೆ ಹೇಗೆ ಅಳೆಯುತ್ತಾರೆ, ಅಲ್ಲಿನ ಒಂದು ಕ್ರೋನೆಗೆ ಎಷ್ಟು ರೂಪಾಯಿ, ಯಾವ ಕೈಗವಸಿನ ಒಳಗೆ ಯಾವ ಕೈಗವಸು ಹಾಕಬೇಕು ಎಲ್ಲ ಗೊತ್ತಿತ್ತು. ಬಟ್ಟೆ ಒಣಗಿಸುವುದು ಗೊತ್ತಿರಲಿಲ್ಲ. "ಮೆಷಿನ್ ಇರುತ್ತದೆ ಅಮ್ಮ" ಎಂದು ಜಾರಿಕೊಂಡೆ. ಅಮ್ಮ ನಂಬಲಿಲ್ಲ, ವಾದಿಸಲೂ ಇಲ್ಲ, ಬೆಳ್ಳುಳ್ಳಿಗೆ ಹಿಂತಿರುಗಿದಳು.

ಆ ರಾತ್ರಿ ಮಲಗುವ ಮುನ್ನ ಆರುನೂರು ಫೋಟೊಗಳನ್ನೂ ಮತ್ತೆ ನೋಡಿದೆ. ನಾವಿಬ್ಬರು ಮತ್ತು ನಮ್ಮಂಥ ಪ್ರವಾಸಿಗರನ್ನು ಬಿಟ್ಟರೆ ಆ ಊರಿನ ಮನುಷ್ಯರು ಎಂದು ಹೇಳಬಹುದಾದವರು ಹನ್ನೊಂದು ಚಿತ್ರಗಳಲ್ಲಿದ್ದರು. ಅದರಲ್ಲಿ ಒಂಬತ್ತರಲ್ಲಿ ಬೆನ್ನು. ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನ ವಾಸಿಸುವ, ವಿಶ್ವವಿದ್ಯಾಲಯವಿರುವ, ಸಂಜೆ ನಾಲ್ಕಕ್ಕೆ ರಸ್ತೆಯಲ್ಲಿ ವಾಹನಗಳ ಸಾಲು ಹಿಡಿಯುವ ಊರನ್ನು ನಾನು ಹೇಗೋ ಖಾಲಿ ಮಾಡಿ ತಂದಿದ್ದೆ. ಇದನ್ನು ಯಾರೂ ನನಗೆ ಕಲಿಸಿರಲಿಲ್ಲ. ಚಿತ್ರದಲ್ಲಿ ಯಾರಾದರೂ ಅಡ್ಡ ಬಂದರೆ ಅವರು ದಾಟುವವರೆಗೆ ಕಾದು ಕ್ಲಿಕ್ಕಿಸಿದ್ದು ಮಾತ್ರ ಚೆನ್ನಾಗಿ ನೆನಪಿದೆ.

ಚಳಿ ಬಿಡಿಸುವ ಭಾಷೆ

ನಮ್ಮ ಮಾತಿನಲ್ಲಿ ಚಳಿಗೆ ಒಳ್ಳೆಯ ಹೆಸರಿಲ್ಲ. ಹಿಂಜರಿಕೆ ಇಲ್ಲದೆ ದುಡಿಯುವವನು ಮೈಚಳಿ ಬಿಟ್ಟವನು. ಬೈದು ಬುದ್ಧಿ ಕಲಿಸುವುದು ಚಳಿ ಬಿಡಿಸುವುದು. ಶೀತ ಎಂದರೆ ಹವೆಯೂ ಹೌದು, ಸೋರುವ ಮೂಗೂ ಹೌದು. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೊರಟುಹೋಯಿತು ಎನ್ನುವಾಗ ಆ ದನಿಯಲ್ಲಿರುವುದು ಸಾಲಗಾರ ಮನೆ ಬಿಟ್ಟು ಹೋದ ನೆಮ್ಮದಿ. ಇನ್ನು ಮಂಜು ಎಂಬ ಒಂದೇ ಪದಕ್ಕೆ ನಾವು ಹೊರಿಸಿದ ಹೊರೆ ನೋಡಿ: ನಂದಿ ಬೆಟ್ಟದಲ್ಲಿ ತೇಲುವುದೂ ಮಂಜು, ಕಾಶ್ಮೀರದಲ್ಲಿ ಸುರಿಯುವುದೂ ಮಂಜು, ಗಟ್ಟಿಯಾಗಿ ನಿಂತರೆ ಮಂಜುಗಡ್ಡೆ. ಇದು ಬಡತನವೇನೂ ಅಲ್ಲ. ಬೆಂಗಳೂರಿನ ದಾಖಲೆಯ ಚಳಿ ಎಂದರೆ 1884ರ ಜನವರಿ 13ರಂದು ಇಳಿದ 7.8 ಡಿಗ್ರಿ, ನಮ್ಮ ಫ್ರಿಜ್ಜಿನ ತರಕಾರಿ ಡಬ್ಬಿಯ ಉಷ್ಣತೆ ಅದು. ಅಷ್ಟಕ್ಕೆ ಎಷ್ಟು ಪದ ಬೇಕು?

ಹೀಗಾಗಿ ಉತ್ತರದ ಚಳಿನಾಡುಗಳು ನಮ್ಮ ತಲೆಯಲ್ಲಿ ಒಂದೇ ಬಿಳಿ ಗಂಟು. ಕಚೇರಿಯ ಊಟದ ಮೇಜಿನಲ್ಲಿ ನನ್ನ ಪ್ರವಾಸದ ಮಾತು ಬಂದಾಗ ಐಸ್‌ಲ್ಯಾಂಡ್, ಲ್ಯಾಪ್‌ಲ್ಯಾಂಡ್, ಸ್ವಿಟ್ಜರ್‌ಲೆಂಡ್, ಮನಾಲಿ ಎಲ್ಲವೂ ಒಂದೇ ಉಸಿರಿನಲ್ಲಿ ಬಂದವು. ಮೈಸೂರಿನ ಮಾವ ಫೋನಿನಲ್ಲಿ "ಅದೇ, ಸೈಬೀರಿಯಾ ಪಕ್ಕ ತಾನೇ?" ಎಂದರು. ನಕ್ಕೆ. ಆದರೆ ನನ್ನ ತಲೆಯೂ ಬೇರೆಯಾಗಿರಲಿಲ್ಲ. ಭೂಪಟದಲ್ಲಿ ಮೇಲೆ ಹೋದಷ್ಟೂ ಚಳಿ ಎಂಬ ಶಾಲೆಯ ಪಾಠ ಹಿಡಿದು, ಸೊನ್ನೆಗಿಂತ 30 ಡಿಗ್ರಿ ಕೆಳಗಿನ ಲೆಕ್ಕಕ್ಕೆ ಜಾಕೆಟ್‌ಗಳನ್ನು ಬಾಡಿಗೆಗೆ ತಂದೆ. ಅಂಗಡಿಯ ಹುಡುಗ ಅದನ್ನು ತೊಡಿಸಿ ನಿಲ್ಲಿಸಿದಾಗ ಕನ್ನಡಿಯಲ್ಲಿ ಕಂಡದ್ದು ಕಂಬಳಿ ಸುತ್ತಿದ ಪೀಪಾಯಿ. ವಿಮಾನ ಇಳಿದ ಸಂಜೆ ಟ್ರೊಮ್ಸೊದಲ್ಲಿ ಎರಡು ಡಿಗ್ರಿ, ಮಳೆ. ಹಿಮ ಕರಗಿ ರಸ್ತೆಯಲ್ಲಿ ಕೆಸರು. ಆ ಊರು ಆರ್ಕ್ಟಿಕ್ ವೃತ್ತದಿಂದ 300 ಕಿಲೋಮೀಟರಿಗೂ ಆಚೆ ಇದೆ, ನಿಜ; ಆದರೆ ಅಟ್ಲಾಂಟಿಕ್‌ನಿಂದ ಮೇಲೇರಿ ಬರುವ ಬೆಚ್ಚನೆಯ ಪ್ರವಾಹ ಆ ಕರಾವಳಿಯನ್ನು ತಟ್ಟುತ್ತದೆ. ಬಂದರು ಹೆಪ್ಪುಗಟ್ಟುವುದಿಲ್ಲ. ಜನವರಿಯ ಸರಾಸರಿ ಸೊನ್ನೆಗಿಂತ ಮೂರು ನಾಲ್ಕು ಡಿಗ್ರಿ ಕೆಳಗೆ, ಅಷ್ಟೇ. ಅದಕ್ಕಿಂತ ಎಷ್ಟೋ ದಕ್ಷಿಣಕ್ಕಿರುವ ನಮ್ಮ ಲೇಹ್ ಜನವರಿಯಲ್ಲಿ ಅದಕ್ಕಿಂತ ಹೆಚ್ಚು ನಡುಗಿಸುತ್ತದೆ.

ನಾಚಿಕೆಯ ಮಾತು ಹೇಳಿಬಿಡುತ್ತೇನೆ: ಆ ಮಳೆಯಲ್ಲಿ ನಿಂತಾಗ ನನಗೆ ಮೋಸ ಹೋದೆ ಎನಿಸಿತು. ಚಳಿಗೆ ದುಡ್ಡು ಕೊಟ್ಟು ಬಂದಿದ್ದೇನೆ, ಚಳಿ ಎಲ್ಲಿ? ಹೋಟೆಲಿನಲ್ಲಿ ಪಲ್ಯಕ್ಕೆ ಉಪ್ಪು ಕಡಿಮೆ ಎಂದು ಕರೆದು ಹೇಳುವ ಗಿರಾಕಿಯ ಸಿಟ್ಟು ಅದು. ಮರುದಿನ ಕರಗಿದ್ದೆಲ್ಲ ಮತ್ತೆ ಹೆಪ್ಪುಗಟ್ಟಿ ಕಾಲುದಾರಿ ಗಾಜಾಯಿತು. ಮೂರನೆಯ ಹೆಜ್ಜೆಗೆ ನಾನು ಅಂಗಾತ ಬಿದ್ದೆ. ಎಪ್ಪತ್ತು ದಾಟಿದ ಹೆಂಗಸೊಬ್ಬರು ಸಾಮಾನು ಚೀಲ ಹಿಡಿದು ನನ್ನ ಪಕ್ಕದಲ್ಲೇ ಸರಸರ ನಡೆದುಹೋದರು. ಅವರ ಬೂಟಿನ ಅಡಿಗೆ ಮೊಳೆಗಳಿದ್ದ ರಬ್ಬರ್ ಪಟ್ಟಿ ಇತ್ತು. ಅಂಥದ್ದೊಂದು ಬೇಕಾಗುತ್ತದೆ ಎಂದು ನಾನು ನೋಡಿದ ನೂರಾರು ವಿಡಿಯೊಗಳಲ್ಲಿ ಒಂದೂ ಹೇಳಿರಲಿಲ್ಲ. ಉತ್ತರದ ಚಳಿಯನ್ನು ನಾವು ಮೈಗೆ ತಾಗುವ ವಸ್ತುವೆಂದು ಊಹಿಸಿಕೊಂಡು ಹೋಗುತ್ತೇವೆ. ಅಲ್ಲಿನವರಿಗೆ ಅದು ಮೊದಲು ಕಾಲಡಿಯ ಸಂಗತಿ.

ಅಪ್ಪನ ಕೇದಾರ

ನಮ್ಮ ಮನೆಯಲ್ಲಿ ಮೊದಲು ಉತ್ತರದ ಚಳಿ ಕಂಡವರು ಅಪ್ಪ. 1986ರಲ್ಲಿ ಬೀದಿಯ ಹತ್ತು ಹನ್ನೆರಡು ಜನರ ಜೊತೆ ಕೇದಾರ, ಬದರಿಗೆ ಹೋಗಿದ್ದರು. ಮೆಜೆಸ್ಟಿಕ್ ಬಳಿಯ ಪಾದಚಾರಿ ರಸ್ತೆಯಲ್ಲಿ ಟಿಬೆಟಿನ ಹೆಂಗಸರಿಂದ ಕೊಂಡ ಸ್ವೆಟರ್, ಒಂದು ಮಂಕಿ ಟೋಪಿ, ಊರಿನ ಕರಿ ಕಂಬಳಿ: ಇಷ್ಟೇ ಸಿದ್ಧತೆ. ಗೌರಿಕುಂಡದಿಂದ ಹದಿನಾಲ್ಕು ಕಿಲೋಮೀಟರ್ ನಡೆದು, 3,500 ಮೀಟರಿಗೂ ಮೇಲಿರುವ ಗುಡಿಯ ಮುಂದೆ ನಿಂತಾಗ ಕೈ ಮುಗಿಯಲು ಬೆರಳು ನೆಟ್ಟಗಾಗಲಿಲ್ಲವಂತೆ. ಪ್ರತಿ ಡಿಸೆಂಬರಿನಲ್ಲೂ ಈ ಕಥೆ ಬರುತ್ತಿತ್ತು. ವರ್ಷ ಕಳೆದಂತೆ ಬೆರಳು ಹೆಚ್ಚು ಹೆಚ್ಚು ಮರಗಟ್ಟುತ್ತಿತ್ತು. ಅಷ್ಟು ಎತ್ತರದಲ್ಲಿ ಕನ್ನಡ ಕಿವಿಗೆ ಬಿದ್ದದ್ದು ಅವರ ಕಥೆಯ ಇನ್ನೊಂದು ತುದಿ. ಕೇದಾರದ ಧಾರ್ಮಿಕ ಮುಖ್ಯಸ್ಥರಾದ ರಾವಲರು ಕರ್ನಾಟಕದ ವೀರಶೈವ ಪರಂಪರೆಯವರು ಎಂಬುದು ಅಪ್ಪನಿಗೆ ಅಲ್ಲಿಗೆ ಹೋಗುವವರೆಗೆ ತಿಳಿದಿರಲಿಲ್ಲ. "ನಮ್ಮವರೇ ಅಲ್ಲಿ ಚಳಿ ತಿನ್ನುತ್ತಿದ್ದಾರೆ" ಎಂದು ಹೆಮ್ಮೆಯಿಂದ ಹೇಳುತ್ತಿದ್ದರು. ವಾಸ್ತವದಲ್ಲಿ ದೇವರೂ ಅಲ್ಲಿ ಚಳಿಗಾಲ ಕಳೆಯುವುದಿಲ್ಲ. ದೀಪಾವಳಿ ಮುಗಿಯುತ್ತಿದ್ದಂತೆ ಬಾಗಿಲು ಹಾಕಿ, ಉತ್ಸವಮೂರ್ತಿಯನ್ನು ಕೆಳಗಿನ ಊಖಿಮಠಕ್ಕೆ ಇಳಿಸಿಕೊಂಡು ಬರುತ್ತಾರೆ.

ಅಪ್ಪನ ಪ್ರವಾಸವನ್ನೂ ನನ್ನದನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ನನಗೆ ಕಾಣುವ ವ್ಯತ್ಯಾಸ ಬಟ್ಟೆಯದ್ದಲ್ಲ, ದುಡ್ಡಿನದ್ದಲ್ಲ. ಅವರಿಗೆ ಚಳಿ ದಾರಿಯ ಸುಂಕ. ಕೊಡದೆ ದರ್ಶನವಿಲ್ಲ, ಕೊಟ್ಟರೆ ಪುಣ್ಯ. ನನಗೆ ಚಳಿಯೇ ದೇವರು. ಅದನ್ನು ನೋಡಲೆಂದೇ ಹೋದದ್ದು. ಆದರೆ ಮುಟ್ಟಬಾರದು. ಬಿಸಿಯಾಗುವ ಸೀಟಿನ ಬಸ್ಸು, ಕೈಗವಸಿನಲ್ಲಿ ಇಟ್ಟುಕೊಳ್ಳುವ ಶಾಖದ ಪೊಟ್ಟಣ, ಕುಡಿಯಲು ಬಿಸಿ ಚಾಕೊಲೇಟ್, ರಾತ್ರಿ ಮರದ ಕೋಣೆಯಲ್ಲಿ ಉಗಿಸ್ನಾನ. ಉತ್ತರನ ಪೌರುಷ ಒಲೆಯ ಮುಂದೆ ಎಂದು ನಮ್ಮ ಹಿರಿಯರು ವಿರಾಟನ ಮಗನನ್ನು ಹಂಗಿಸಿದರು. ಉತ್ತರಕ್ಕೆ ಹೋಗುವ ನಮಗೂ ಆ ಗಾದೆ ಅಳತೆ ತೆಗೆದು ಹೊಲಿದಂತಿದೆ. ಪ್ರವಾಸದ ಜಾಹೀರಾತುಗಳನ್ನು ಗಮನಿಸಿ: ಹೊರಗೆ ಹಿಮ, ಒಳಗೆ ಬೆಂಕಿ, ನಡುವೆ ಒಂದು ದೊಡ್ಡ ಗಾಜು, ಗಾಜಿನ ಈಚೆ ಉಣ್ಣೆಯ ಕಾಲುಚೀಲ ಹಾಕಿದ ಎರಡು ಪಾದಗಳು. ಮಾರಾಟಕ್ಕಿರುವುದು ಹಿಮವೂ ಅಲ್ಲ, ಬೆಂಕಿಯೂ ಅಲ್ಲ. ಆ ಗಾಜು.

ಕಣ್ಣಿಗೆ ಬೂದು, ಮೊಬೈಲಿಗೆ ಹಸಿರು

ಮೂರನೆಯ ರಾತ್ರಿ ಧ್ರುವಪ್ರಭೆಯ ಬೇಟೆಗೆ ಹೊರಟೆವು. ಬೇಟೆ ಎಂಬುದು ನನ್ನ ಪದವಲ್ಲ, ಅಲ್ಲಿನ ಬಸ್ಸುಗಳ ಮೇಲೆಯೇ ಹಾಗೆ ಬರೆದಿರುತ್ತದೆ. ಇಪ್ಪತ್ತೆರಡು ಜನ. ಹಿಂದಿನ ಸೀಟಿನಿಂದ ಬೆಳ್ಳುಳ್ಳಿ ಚಟ್ನಿಪುಡಿಯ ವಾಸನೆ ಬಂದಾಗ ತಿರುಗಿ ನೋಡಿದರೆ ಜಯನಗರದ ಕುಟುಂಬ: ಗಂಡ, ಹೆಂಡತಿ, ಒಬ್ಬ ಮಗ, ಒಬ್ಬರು ತಾತ. ಐದು ನಿಮಿಷದಲ್ಲಿ ನಿಪ್ಪಟ್ಟು ನಮ್ಮ ಕೈಗೂ ಬಂತು. ಬಸ್ ಓಡಿಸುತ್ತಿದ್ದವನೇ ಮಾರ್ಗದರ್ಶಿಯೂ ಆಗಿದ್ದ. ಐವತ್ತರ ಆಸುಪಾಸು, ಮಾತು ಕಡಿಮೆ. ಕರಾವಳಿಯಲ್ಲಿ ಮೋಡ ಇರುವುದರಿಂದ ಒಳನಾಡಿಗೆ, ಫಿನ್ಲೆಂಡ್ ಗಡಿಯ ಕಡೆಗೆ ಹೋಗೋಣ ಎಂದ. ದಾರಿಯಲ್ಲಿ ಒಂದು ಕಡೆ ನೀರಿನ ದಡದಲ್ಲಿ ನಿಲ್ಲಿಸಿದ. ಅಲ್ಲಿ ನಮ್ಮ ಮದುವೆ ಚಪ್ಪರದ ಹಾಗೆ ಮರದ ಗಳಗಳನ್ನು ಕಟ್ಟಿದ ಅಟ್ಟಣೆಗಳಿದ್ದವು. ಅದರ ತುಂಬ ತಲೆಯಿಲ್ಲದ ಮೀನುಗಳು, ಬಾಲಕ್ಕೆ ಬಾಲ ಕಟ್ಟಿ ಜೋಡಿಜೋಡಿಯಾಗಿ ತೂಗುಹಾಕಿದ್ದವು. ಕೆಲವರು ಮೂಗು ಮುಚ್ಚಿಕೊಂಡರು, ಆದರೂ ಚಿತ್ರ ತೆಗೆಸಿಕೊಂಡರು. ಅವನು ಏನೋ ವಿವರಿಸತೊಡಗಿದ. ಅಷ್ಟರಲ್ಲಿ ಯಾರೋ ಆಕಾಶದ ಕಡೆ ಕೈ ತೋರಿಸಿ ಕೂಗಿದರು, ಎಲ್ಲರೂ ಆ ಕಡೆ ಓಡಿದೆವು. ಅದು ಮೋಡವಾಗಿತ್ತು. ಅವನು ಅರ್ಧದಲ್ಲಿ ನಿಂತ ಮಾತನ್ನು ಮತ್ತೆ ಎತ್ತಲಿಲ್ಲ.

ಗಡಿಯ ಹತ್ತಿರ ಥರ್ಮಾಮೀಟರ್ ಸೊನ್ನೆಗಿಂತ 19 ಡಿಗ್ರಿ ಕೆಳಗೆ ತೋರಿಸುತ್ತಿತ್ತು. ಅಂತೂ ನನ್ನ ಜಾಕೆಟ್ಟಿನ ಬಾಡಿಗೆ ವಸೂಲಾಯಿತು. ಎರಡು ಗಂಟೆ ಕಾದೆವು. ಮೂಗಿನೊಳಗಿನ ರೋಮ ಒಂದಕ್ಕೊಂದು ಅಂಟಿಕೊಂಡು ಉಸಿರಿಗೊಮ್ಮೆ ಚಿವುಟಿದಂತಾಗುವುದು ನನಗೆ ಹೊಸದು. ಕೊನೆಗೆ ಉತ್ತರದಲ್ಲಿ ಬೆಟ್ಟದ ಮೇಲೆ ಒಂದು ಬೂದು ಪಟ್ಟಿ ಎದ್ದಿತು, ಒಲೆಯ ಹೊಗೆ ಸಾಲು ಹಿಡಿದ ಹಾಗೆ. "ಇದು ಮೋಡ ತಾನೇ ಅಪ್ಪಾ?" ಎಂದ ಜಯನಗರದ ಹುಡುಗ. ಚಾಲಕ ನಕ್ಕು, ಮೊಬೈಲನ್ನು ಮೂರು ಸೆಕೆಂಡ್ ಅಲುಗಾಡಿಸದೆ ಹಿಡಿಯಲು ಹೇಳಿದ. ಪರದೆಯಲ್ಲಿ ಪಚ್ಚೆ ಹಸಿರು! ಅಲ್ಲಿಂದ ಮುಂದೆ ಅರ್ಧ ಗಂಟೆ ಇಪ್ಪತ್ತೆರಡು ಜನರೂ ಆಕಾಶವನ್ನು ಅಂಗೈಯಲ್ಲಿ ನೋಡಿದೆವು. ಇದರಲ್ಲಿ ಕ್ಯಾಮೆರಾದ ಮೋಸವೇನಿಲ್ಲ. ನೂರು ಕಿಲೋಮೀಟರಿಗೂ ಮೇಲೆ, ಸೂರ್ಯನಿಂದ ಬಂದ ಕಣಗಳು ತಟ್ಟಿ ಆಮ್ಲಜನಕ ನಿಜವಾಗಿಯೂ ಹಸಿರು ಚೆಲ್ಲುತ್ತಿರುತ್ತದೆ. ನಮ್ಮ ಕಣ್ಣಿನಲ್ಲಿ ಕತ್ತಲಿಗೆಂದು ಇರುವ ಕೋಶಗಳಿಗೆ ಬಣ್ಣ ತಿಳಿಯದು. ಬೆಳಕು ಮಂದವಾಗಿದ್ದರೆ ಎಲ್ಲವೂ ಬೂದಿಯೇ. ಮೊಬೈಲ್ ಮೂರು ಸೆಕೆಂಡಿನ ಬೆಳಕನ್ನು ಕೂಡಿಹಾಕಿ ತೋರಿಸುತ್ತದೆ, ಕಣ್ಣಿಗೆ ಆ ಉಳಿತಾಯದ ಗುಣವಿಲ್ಲ.

ಆಮೇಲೆ ಒಮ್ಮೆ, ನಾಲ್ಕೈದು ನಿಮಿಷ, ಅದು ನಿಜವಾಗಿ ಕೆರಳಿತು. ಪಟ್ಟಿ ಮಡಿಕೆ ಮಡಿಕೆಯಾಗಿ ನೆತ್ತಿಯವರೆಗೆ ಬಂತು, ಸೆರಗು ಜಾಡಿಸಿದಂತೆ ಹಾರಿತು. ಬಸ್ಸಿನಿಂದ ಇಳಿಯಲಾರೆ ಎಂದಿದ್ದ ಜಯನಗರದ ತಾತ ಯಾವಾಗ ಇಳಿದರೋ, ಟೋಪಿ ತೆಗೆದು ಕೈ ಮುಗಿದು ನಿಂತಿದ್ದರು. ಸೊಸೆ ಟೋಪಿ ಹಾಕಿಸಲು ಹೆಣಗುತ್ತಿದ್ದರು. ನನ್ನ ನೆನಪಿನಲ್ಲಿ ಅದು ಹಸಿರು, ಅಂಚಿಗೆ ಗುಲಾಬಿ. ಹೆಂಡತಿ ಒಪ್ಪುವುದಿಲ್ಲ. ಅವಳ ಪ್ರಕಾರ ಅದು ಪೂರ್ತಿ ಬಿಳಿ, ಹಾಲು ಚೆಲ್ಲಿದ ಹಾಗೆ. ನಾನು ಆ ವಿಡಿಯೊವನ್ನು ಐವತ್ತು ಸಲ ನೋಡಿದ್ದರಿಂದ ನನ್ನ ಕಣ್ಣು ಕಂಡದ್ದನ್ನು ವಿಡಿಯೊ ಅಳಿಸಿ ಬರೆದಿದೆ ಎಂದು ಅವಳ ವಾದ. ಈ ಜಗಳ ಇನ್ನೂ ತೀರ್ಮಾನವಾಗಿಲ್ಲ. ನಾವು ಅಲ್ಲಿಗೆ ಹೋಗುವ ಮೊದಲೇ ಹಸಿರನ್ನು ನೋಡಿ ಮುಗಿಸಿದ್ದೆವು, ಅಲ್ಲಿ ಮಾಡಿದ್ದು ಅದಕ್ಕೆ ಸಾಕ್ಷಿ ಹೊಂದಿಸುವ ಕೆಲಸ ಎಂಬ ಅನುಮಾನ ಮಾತ್ರ ನನಗೂ ಇದೆ.

ಇದನ್ನೆಲ್ಲ ಓದುತ್ತಾ ಹೋದಾಗ ಸಿಕ್ಕ ಒಂದು ಸಂಗತಿಯನ್ನು ಇಲ್ಲಿ ಹೇಳದೆ ಇರಲಾರೆ. 2024ರ ಮೇ 10ರ ರಾತ್ರಿಯ ಭಾರಿ ಸೌರ ಚಂಡಮಾರುತದಲ್ಲಿ ಲಡಾಖಿನ ಹಾನ್ಲೆಯ ಆಕಾಶ ಕೆಂಪಾಯಿತು. ಅಲ್ಲಿನ ಖಗೋಳ ವೀಕ್ಷಣಾಲಯ ನಮ್ಮ ಕೋರಮಂಗಲದ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯದ್ದು. ಸುಮಾರು 4,500 ಮೀಟರ್ ಎತ್ತರದ ಆ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ಹೊಸಕೋಟೆಯಲ್ಲಿ ಕುಳಿತು ತಿರುಗಿಸುತ್ತಾರೆ. ಇಸ್ರೊದ ಸೌರ ನೌಕೆ ಆದಿತ್ಯ ಎಲ್-1ರಲ್ಲಿ ಸೂರ್ಯನ ಕಿರೀಟವನ್ನು, ಅಂದರೆ ಅದರ ಹೊರ ವಾತಾವರಣವನ್ನು ನೋಡುತ್ತಿರುವ ಉಪಕರಣ ಸಿದ್ಧವಾದದ್ದೂ ಹೊಸಕೋಟೆಯ ಆ ಆವರಣದಲ್ಲೇ. ನಸುಕಿನ ನಾಲ್ಕಕ್ಕೆ ಬಿರಿಯಾನಿ ತಿನ್ನಲು ನಾನು ಎಷ್ಟೋ ಸಲ ಹೊಸಕೋಟೆಗೆ ಹೋಗಿದ್ದೇನೆ. ಉತ್ತರದ ಆಕಾಶವನ್ನು ಅಲ್ಲಿಂದ ಯಾರೋ ನೋಡುತ್ತಿರಬಹುದು ಎಂದು ಸಾಲಿನಲ್ಲಿ ನಿಂತಾಗ ಒಮ್ಮೆಯೂ ಹೊಳೆದಿರಲಿಲ್ಲ.

ಬಣ್ಣದ ಸಂತೆ

ನಮ್ಮ ಪರಿಚಯದ ಕುಟುಂಬವೊಂದು ಫಿನ್ಲೆಂಡಿನ ರೊವಾನಿಯೆಮಿಗೆ ಹೋಗಿ ಮಕ್ಕಳಿಗೆ ಸಾಂಟಾ ಕ್ಲಾಸ್ ತೋರಿಸಿಕೊಂಡು ಬಂದಿತು. ಗಾಜಿನ ಇಗ್ಲೂವಿನಲ್ಲಿ ಮಲಗಿ, ನಾಯಿಗಳ ಗಾಡಿಯಲ್ಲಿ ಕುಳಿತು ಬಂದರು. ಸುಂದರವಾದ ಚಿತ್ರಗಳು. ಇಗ್ಲೂ ಕೆನಡಾ, ಗ್ರೀನ್‌ಲ್ಯಾಂಡ್ ಕಡೆಯ ಇನ್ಯೂಯಿಟ್ ಜನರದ್ದು. ಫಿನ್ಲೆಂಡಿನಲ್ಲಿ ಯಾರ ಅಜ್ಜಿಯೂ ಇಗ್ಲೂವಿನಲ್ಲಿ ಹುಟ್ಟಿದವಳಲ್ಲ. ನಾಯಿಗಾಡಿಯೂ ಆ ನೆಲದ ಹಳೆಯ ವಾಡಿಕೆಯಲ್ಲ. ಅಲ್ಲಿ ಓಡಾಟಕ್ಕೆ ಇದ್ದದ್ದು ಹಿಮಸಾರಂಗ ಮತ್ತು ಹಿಮಜಾರು ಪಟ್ಟಿ. ಮೈಸೂರು ಅರಮನೆ ನೋಡಲು ಬಂದವರಿಗೆ ಒಂಟೆ ಸವಾರಿ ಮಾಡಿಸಿ ಇದೇ ದಕ್ಷಿಣ ಎಂದ ಹಾಗೆ. ಹಾಗೆಂದು ಅವರನ್ನು ಬೈಯಲು ನನಗೆ ಮನಸ್ಸಿಲ್ಲ. 1944ರಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೇನೆ ಹೋಗುವಾಗ ರೊವಾನಿಯೆಮಿಯನ್ನು ಸುಟ್ಟುಹಾಕಿತು, ಊರೆಂಬುದು ಉಳಿದಿರಲಿಲ್ಲ. ವಾಸ್ತುಶಿಲ್ಪಿ ಅಲ್ವಾರ್ ಆಲ್ಟೊ ಹೊಸ ಊರಿನ ನಕ್ಷೆಯನ್ನು ಹಿಮಸಾರಂಗದ ಕೊಂಬಿನ ಆಕಾರಕ್ಕೆ ಬರೆದ. 1950ರಲ್ಲಿ ಅಮೆರಿಕದ ಅಧ್ಯಕ್ಷರಾಗಿದ್ದವರ ಪತ್ನಿ ಎಲಿನಾರ್ ರೂಸ್‌ವೆಲ್ಟ್ ಪುನರ್ನಿರ್ಮಾಣ ನೋಡಲು ಬರುತ್ತಾರೆಂದು ಆರ್ಕ್ಟಿಕ್ ವೃತ್ತದ ಗೆರೆಯ ಬಳಿ ಅವಸರದಲ್ಲಿ ಒಂದು ಮರದ ಗುಡಿಸಲು ಕಟ್ಟಿದರು. ಅದರ ಸುತ್ತಲೇ ಮುಂದೆ ಸಾಂಟಾನ ಊರು ಬೆಳೆಯಿತು. ಬೂದಿಯಿಂದ ಎದ್ದ ಊರು ಹೊಟ್ಟೆಪಾಡಿಗೆ ಒಂದು ವೇಷ ಕಟ್ಟಿಕೊಂಡಿತು, ಅಷ್ಟೇ.

ವೇಷದ ಹಿಂದಿನ ಮುಖ ಒಮ್ಮೆ ನನಗೂ ಕಂಡಿತು. ಟ್ರೊಮ್ಸೊ ಹೊರಗೆ, ಆ ಉತ್ತರದ ಮೂಲನಿವಾಸಿಗಳಾದ ಸಾಮಿ ಜನರ ಕುಟುಂಬವೊಂದರ ಹಿಮಸಾರಂಗಗಳಿಗೆ ಮೇವು ಹಾಕುವ ಕಾರ್ಯಕ್ರಮಕ್ಕೆ ಹೋಗಿದ್ದೆವು. ನೀಲಿ, ಕೆಂಪು ಅಂಚಿನ ಉಡುಪು ತೊಟ್ಟ ಯುವತಿ ಡೇರೆಯಲ್ಲಿ ಬೆಂಕಿಯ ಪಕ್ಕ ಕುಳ್ಳಿರಿಸಿ ಮಾತಾಡಿದಳು. ಒಬ್ಬ ಪ್ರವಾಸಿ ದಿನವೂ ಇದನ್ನೇ ಹಾಕುತ್ತೀರಾ ಎಂದು ಕೇಳಿದ. "ಮನೆಗೆ ಹೋದ ಮೇಲೆ ಜೀನ್ಸ್" ಎಂದಳು. ಚಳಿ ಹೆಚ್ಚಾದರೆ ಕಷ್ಟವೇ ಎಂದು ನಾನು ಕೇಳಿದೆ. ಅವಳ ಉತ್ತರ ತಿರುಗಾಮುರುಗಾ ಆಗಿತ್ತು: ಅವರಿಗೆ ಹೆದರಿಕೆ ಚಳಿ ಕಡಿಮೆಯಾಗುವುದರದ್ದು. ನಡುಚಳಿಗಾಲದಲ್ಲಿ ಮಳೆ ಬಿದ್ದು ಮತ್ತೆ ಹೆಪ್ಪುಗಟ್ಟಿದರೆ ಹಿಮದ ಮೇಲೆ ಗಟ್ಟಿ ಹೊಪ್ಪಳಿಕೆ ಬೀಳುತ್ತದೆ. ಅದನ್ನು ಗೊರಸಿನಿಂದ ಒಡೆದು ಕೆಳಗಿನ ಕಲ್ಲುಹೂವಿನಂಥ ಮೇವನ್ನು ತಿನ್ನಲು ಹಿಮಸಾರಂಗಕ್ಕೆ ಆಗುವುದಿಲ್ಲ, ಹಿಂಡು ಹಸಿಯುತ್ತದೆ. ಸಾಮಿ ಭಾಷೆಯಲ್ಲಿ ಹಿಮಕ್ಕೆ ನೂರಕ್ಕೂ ಹೆಚ್ಚು ಪದಗಳಿವೆ ಎಂದು ನಾವು ಬೆರಗಿನಿಂದ ಹೇಳಿಕೊಳ್ಳುತ್ತೇವಲ್ಲ, ಅದರಲ್ಲಿ ಎಷ್ಟೋ ಪದಗಳು ಇಂಥ ಲೆಕ್ಕಾಚಾರದವು: ಗೊರಸು ಇಳಿಯುತ್ತದೆಯೇ, ಹೆಜ್ಜೆ ಉಳಿಯುತ್ತದೆಯೇ, ಕರಗಿಸಿದರೆ ನೀರು ಸಿಗುತ್ತದೆಯೇ. ಮೊದಲ ಸಂಜೆ ಎರಡು ಡಿಗ್ರಿಯ ಮಳೆಯಲ್ಲಿ ನಾನು ಗೊಣಗಿದ್ದು ನೆನಪಾಯಿತು. ಆ ಮಳೆಗೆ ನನಗಿಂತ ಹೆಚ್ಚು ಗೊಣಗಬೇಕಾದವರು ಇದ್ದರು.

ಇದು ನಮಗೆ ಅರ್ಥವಾಗದ್ದೇನೂ ಅಲ್ಲ. ಅಮ್ಮ ಮಾಗಡಿ ಕಡೆಯವಳು. ಮಾಗಿಯ ಇಬ್ಬನಿ ಸರಿಯಾಗಿ ಬೀಳದ ವರ್ಷ ಅವರೆಯಲ್ಲಿ ಸೊಗಡಿಲ್ಲ ಎಂದು ಈಗಲೂ ಕಾಯಿಯನ್ನು ಮೂಸಿ ಹೇಳುತ್ತಾಳೆ. ಅವಳ ತವರಿನಲ್ಲಿ ಚಳಿಗೆ ಒಂದು ಕೆಲಸವಿತ್ತು. ನಸುಕಿನಲ್ಲಿ ನಂದಿ ಬೆಟ್ಟಕ್ಕೆ ಕಾರು ಓಡಿಸುವ ನಮಗೆ ಅದು ಬರೀ ನೋಟ. ಬೆಟ್ಟದ ತಿರುವಿನಲ್ಲಿ ಜೋಳ ಸುಡುವವರು ಮಂಕಿ ಟೋಪಿಯೊಳಗಿಂದ ನಮ್ಮನ್ನು ಹೇಗೆ ನೋಡುತ್ತಾರೆ ಎಂದು ಈಗೀಗ ಗಮನಿಸುತ್ತಿದ್ದೇನೆ.

ಅವರ ದಕ್ಷಿಣ

ಧ್ರುವಪ್ರಭೆ ನೋಡಿದ ಆ ರಾತ್ರಿ ಎರಡು ಗಂಟೆಗೆ ಬಸ್ ಹಿಂತಿರುಗುವಾಗ ಎಲ್ಲರೂ ಮಲಗಿದ್ದರು. ನನಗೆ ನಿದ್ದೆ ಬರಲಿಲ್ಲ, ಮುಂದಿನ ಸೀಟಿಗೆ ಹೋಗಿ ಕುಳಿತೆ. ಮುಂದಿನ ತಿಂಗಳು ತಾನು ಸೀಡೆನ್‌ಗೆ ಹೋಗುತ್ತಿದ್ದೇನೆ ಎಂದ ಚಾಲಕ. ಅದು ಯಾವ ದೇಶ ಎಂದು ಕೇಳಿದೆ. ದೇಶವಲ್ಲ, ದಕ್ಷಿಣ ಎಂದು ಅರ್ಥ. ಬಿಸಿಲಿರುವ ಕಡೆ ರಜೆಗೆ ಹೋದರೆ ಅದು ಸೀಡೆನ್, ಸ್ಪೇನ್ ಆದರೂ ಗ್ರೀಸ್ ಆದರೂ. ಈ ಸಲ ಎಲ್ಲಿಗೆ ಎಂದು ಅವನು ಸ್ವಲ್ಪ ಯೋಚಿಸಿ ಹೇಳಬೇಕಾಯಿತು: ಸ್ಪೇನಿನ ದ್ವೀಪ ಗ್ರಾನ್ ಕನಾರಿಯಾ. ಅಲ್ಲಿ ಏನು ನೋಡುತ್ತೀರಿ ಎಂದೆ. "ಏನೂ ಇಲ್ಲ, ಮಲಗುತ್ತೇವೆ" ಎಂದ. ನಮ್ಮ ಬಿಳಿ ಗಂಟಿನ ಹಾಗೆ ಅವನದ್ದೊಂದು ಹಳದಿ ಗಂಟು. ನನಗೆ ವಿಚಿತ್ರವಾದ ಸಮಾಧಾನವಾಯಿತು.

ನಿಮ್ಮ ಊರಿನಲ್ಲಿ ಚಳಿಗಾಲ ಇದೆಯೇ ಎಂದು ಕೇಳಿದ. ಇದೆ, ಹದಿನೈದು ಡಿಗ್ರಿಗೆ ನಾವು ಸ್ವೆಟರ್ ಹಾಕುತ್ತೇವೆ ಎಂದೆ. ಸ್ಟೀರಿಂಗ್ ಹಿಡಿದುಕೊಂಡೇ ಬಹಳ ಹೊತ್ತು ನಕ್ಕ. 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಮುಟ್ಟಿದ್ದನ್ನು ಹೇಳಿದಾಗ ನಗು ನಿಂತಿತು. ಆ ರಾತ್ರಿ ಹೇಗೆ ಮಲಗಿದಿರಿ ಎಂದು ಕಾಳಜಿಯಿಂದ ಕೇಳಿದ. ನಮ್ಮ ಮನೆಗೆ ಫ್ಯಾನ್ ಬಂದದ್ದೇ ನಾನು ಹೈಸ್ಕೂಲಿಗೆ ಹೋಗುವಾಗ ಎಂದು ಹೇಳಬೇಕೆನಿಸಿತು, ಇಂಗ್ಲಿಷಿನಲ್ಲಿ ಅದರ ದುಃಖ ಬರಲಿಲ್ಲ. ಅವನು ಸೂರ್ಯನ ಬನ್ನಿನ ಕಥೆ ಹೇಳಿದ. ನವೆಂಬರ್ ಕೊನೆಯಿಂದ ಅಲ್ಲಿ ಸೂರ್ಯ ಹುಟ್ಟುವುದಿಲ್ಲ. ಜನವರಿ 21ರ ಸುಮಾರಿಗೆ ಬೆಟ್ಟದ ಸಂದಿನಲ್ಲಿ ಕೆಲವು ನಿಮಿಷ ಇಣುಕುತ್ತಾನೆ. ಆ ದಿನ ಊರಿಗೆ ಊರೇ ಜಾಮ್ ತುಂಬಿದ ಬನ್ ತಿನ್ನುತ್ತದೆ, ಬೇಕರಿಗಳ ಮುಂದೆ ಸಾಲು. ನಮ್ಮಲ್ಲಿ ಒಂದು ವಾರ ಮೊದಲೇ ಎಳ್ಳು ಬೆಲ್ಲ ಹಂಚುತ್ತೇವೆ ಎಂದೆ. ಸೂರ್ಯ ಎಲ್ಲೂ ಹೋಗದ ಊರಿನಲ್ಲಿ ಅವನು ಬಂದದ್ದಕ್ಕೆ ಏಕೆ ಹಬ್ಬ ಎಂದು ಅವನು ಕೇಳಿದ್ದರೆ ನನ್ನ ಬಳಿ ಉತ್ತರವಿರುತ್ತಿರಲಿಲ್ಲ. ಕೇಳಲಿಲ್ಲ.

ಆ ಹೊತ್ತಿನಲ್ಲಿ ಮೀನಿನ ಅಟ್ಟಣೆಗಳು ಮತ್ತೆ ಬಂದವು. ಈ ಬಾರಿ ನಾನೇ ಕೇಳಿದೆ. ಅವನು ತಮ್ಮನ ಜೊತೆ ಚಳಿಗಾಲದಲ್ಲಿ ದೋಣಿಗೂ ಹೋಗುತ್ತಾನಂತೆ. ಕಾಡ್ ಮೀನು, ಫೆಬ್ರುವರಿಯಿಂದ ಮೇವರೆಗೆ ಗಾಳಿಗೆ ತೂಗಿದರೆ ಮರದ ತುಂಡಿನಂತಾಗುತ್ತದೆ, ವರ್ಷಗಟ್ಟಲೆ ಇರುತ್ತದೆ, ಇಟಲಿಗೂ ನೈಜೀರಿಯಾಕ್ಕೂ ಹೋಗುತ್ತದೆ. ಉಪ್ಪು ಹಾಕುವುದಿಲ್ಲ. ಚಳಿ ಸೊನ್ನೆಯ ಆಚೆ ಈಚೆ ಆಡುತ್ತಿರಬೇಕು. ಹೆಚ್ಚಾದರೆ ಮಾಂಸ ಹೆಪ್ಪುಗಟ್ಟಿ ಹಾಳು, ಕಡಿಮೆಯಾದರೆ ನೊಣ. ಇದನ್ನೇ ಅವನು ಸಂಜೆ ಹೇಳಲು ಹೊರಟಿದ್ದು.

ಅಮ್ಮನ ಪ್ರಶ್ನೆ ಎರಡು ವಾರ ಕೊರೆದ ಮೇಲೆ, ನಾವು ತಂಗಿದ್ದ ಮನೆಯ ಒಡತಿಗೆ ಸಂದೇಶ ಕಳಿಸಿದೆ. ಇಂಥದ್ದನ್ನು ಇದುವರೆಗೆ ಯಾವ ಅತಿಥಿಯೂ ಕೇಳಿಲ್ಲ ಎಂದು ಬರೆದು, ವಿವರವಾಗಿ ಉತ್ತರಿಸಿದರು. ಮನೆಯ ನೆಲಮಾಳಿಗೆಯಲ್ಲಿ ಫ್ಯಾನ್ ಇರುವ ಒಣಗಿಸುವ ಕೋಣೆ ಇದೆ. ಆದರೆ ಗಾಳಿ ಒಣಗಿರುವ ಕಡುಚಳಿಯ ದಿನ ಹಾಸಿಗೆ ಹೊದಿಕೆಗಳನ್ನು ಹೊರಗೇ ಹಾಕುತ್ತಾರೆ. ಅವು ಮೊದಲು ಹಲಗೆಯಂತೆ ಸೆಟೆಯುತ್ತವೆ. ಆಮೇಲೆ ಹಿಮ ನೀರಾಗದೆ ಹಾಗೆಯೇ ಆವಿಯಾಗುತ್ತಾ ಬಟ್ಟೆ ಒಣಗುತ್ತದೆ, ಒಳ್ಳೆಯ ವಾಸನೆ ಬರುತ್ತದೆ.

ಅಮ್ಮ ಆಗ ಮಹಡಿಯ ಮೇಲೆ ಸೀರೆಯ ಮೇಲೆ ಅಕ್ಕಿ ಸಂಡಿಗೆ ಇಡುತ್ತಿದ್ದಳು. ಬಟ್ಟೆಯ ವಿಷಯ ಕೇಳಿ "ಹಾಗೆ ಹೇಳು" ಎಂದು ಒಂದೇ ಮಾತಿನಲ್ಲಿ ಮುಗಿಸಿದಳು. ಜೊತೆಗೇ ಮೀನಿನ ಸಂಗತಿ ಹೇಳಿದೆ. ಕೈ ನಿಂತಿತು. ಮಾಗಡಿ ಸಂತೆಯ ಒಣಮೀನು ತಿಂದು ಬೆಳೆದವಳು.

"ಉಪ್ಪು ಹಾಕದೆಯೇ?"

"ಹಾಕುವುದಿಲ್ಲ."

"ಮೂರು ತಿಂಗಳು ಚಳಿ ಹದವಾಗಿ ಬೀಳಬೇಕಲ್ಲ. ನಡುವೆ ಒಂದು ವಾರ ಬಿಸಿಲು ಬಂದರೆ?" ಎಂದು ಆಕಾಶ ನೋಡಿದಳು. ಪಶ್ಚಿಮದಲ್ಲಿ ಸಣ್ಣ ಮೋಡವಿತ್ತು. "ಆ ಮೀನಿನ ಫೋಟೊ ಇದೆಯೇನೋ?"

ಹುಡುಕಿದೆ. ಒಂದಿತ್ತು. ಹೆಂಡತಿ ನಗುತ್ತಾ ನಿಂತಿದ್ದಾಳೆ, ಅವಳ ಭುಜದ ಹಿಂದೆ ಅಟ್ಟಣೆಯ ಒಂದು ಮೂಲೆ, ಮಸುಕು ಮಸುಕಾಗಿ ನಾಲ್ಕೈದು ಬಾಲ. ಅಮ್ಮ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, ಎರಡು ಬೆರಳಿನಿಂದ ಸೊಸೆಯನ್ನು ಪರದೆಯ ಆಚೆಗೆ ಸರಿಸಿ, ಮೀನನ್ನು ಹಿಗ್ಗಿಸಿದಳು. ಹಿಗ್ಗಿಸಿದಷ್ಟೂ ಅದು ಚೌಕಚೌಕವಾಗಿ ಒಡೆಯಿತು.

"ಇದನ್ನು ನೆಟ್ಟಗೆ ತೆಗೆಯಬಾರದಿತ್ತೇನೋ" ಎಂದಳು.